ಸೋಲುವ ಸೀಟು

ಜೀವನ್ ಬಿಮಾ ನಗರದ ವಿಮಲಾಕ್ಷಿ ಪಕ್ಷ ಸೇರಿದ್ದು ತೊಂಬತ್ತನಾಲ್ಕರ ಚುನಾವಣೆ ಹೊತ್ತಿಗೆ. ಮದುವೆಯಾಗಿ ಚಿತ್ರದುರ್ಗದಿಂದ ಬಂದವಳು. ಹಲಸೂರಿನ ಗಲ್ಲಿಗಳಲ್ಲಿ ಮತ ಕೇಳುತ್ತಲೇ ತಮಿಳು ಕಲಿತಳು, ಮರ್ಫಿ ಟೌನಿನ ಇಮಾಮ್ ಬೀಯ ಮನೆಬಾಗಿಲಲ್ಲಿ ಕೂತು ಉರ್ದುವನ್ನೂ. ನಲ್ಲಿ ಒಣಗಿದರೆ ಜಲಮಂಡಳಿಯವರ ಜೊತೆ ಜಗಳವಾಡಿ ಟ್ಯಾಂಕರ್ ತರಿಸುತ್ತಿದ್ದಳು. ಪಕ್ಷದ ದೊಡ್ಡವರು ಬಂದಾಗ ಮಾತ್ರ ಅವಳ ಪಾಲಿಗೆ ಸಿಗುತ್ತಿದ್ದದ್ದು ಆರತಿ ತಟ್ಟೆ.

ಎರಡು ಸಾವಿರದ ಎಂಟರಲ್ಲಿ ವಿಧಾನಸಭೆ ಟಿಕೆಟ್ಟಿಗೆ ಅರ್ಜಿ ಹಾಕಿದಳು. ಇಂದಿರಾನಗರದ ಹೋಟೆಲೊಂದರಲ್ಲಿ ಪಕ್ಷದ ವೀಕ್ಷಕ ಭಗವಂತರಾಯ ಗೋಡಂಬಿ ಮೆಲ್ಲುತ್ತ ಕೂತಿದ್ದ.

"ನಿಮ್ಮ ಕೆಲಸದ ಬಗ್ಗೆ ಕೇಳೀನ್ರಿ. ಅದಿರ್ಲಿ, ಎಷ್ಟ್ ಖರ್ಚ್ ಮಾಡ್ತೀರಿ?"

"ಮನೆಮನೇಲೂ ನನ್ನ ಗುರುತು ಹಿಡೀತಾರೆ ಸಾರ್."

"ಗುರುತು ತಗೊಂಡು ಏನ್ ಮಾಡೂದ್ರಿ? ಪಾರ್ಟಿ ಫಂಡಿಗೆ ಏನ್ ಕೊಡ್ತೀರಿ, ಅದನ್ನ ಹೇಳ್ರಿ."

ಮೂಳೆ ಕಂಡ ನಾಯಿಗೂ ಇಷ್ಟು ಆಸೆ ಇರಲಿಕ್ಕಿಲ್ಲ ಅನ್ನಿಸಿತು ಅವಳಿಗೆ. ಎದ್ದು ಬಂದಳು.

ಟಿಕೆಟ್ ಮುತ್ತುರಾಜನಿಗೆ ಹೋಯಿತು. ಕೆ.ಆರ್. ಪುರದ ಕಡೆ ಕೆರೆಯಂಗಳ ಮುಚ್ಚಿ ಸೈಟು ಮಾರಿದವನು. ಹಿಂದಿನ ತಿಂಗಳವರೆಗೂ ಎದುರು ಪಕ್ಷದ ಫ್ಲೆಕ್ಸುಗಳಲ್ಲಿ ಹಲ್ಲು ಕಿರಿಯುತ್ತಿದ್ದವನು.

"ನೀವು ಪಕ್ಕದಲ್ಲಿ ನಿಂತ್ರೆ ಸಾಕು ಮೇಡಂ, ಗೆದ್ಮೇಲೆ ಯಾವ್ದಾದ್ರೂ ನಿಗಮದಲ್ಲಿ ಕೂರಿಸ್ತೀವಿ," ಎಂದ ಬ್ಲಾಕ್ ಅಧ್ಯಕ್ಷ ಬೈಲಪ್ಪ. ನಿಗಮದ ಆಸೆಗಲ್ಲ, ಇಷ್ಟು ವರ್ಷದ ಅಭ್ಯಾಸಕ್ಕೆ ಕಟ್ಟುಬಿದ್ದು ಪ್ರಚಾರಕ್ಕೆ ಹೋದಳು.

ಮರ್ಫಿ ಟೌನಿನಲ್ಲಿ ಇಮಾಮ್ ಬೀ ಮುತ್ತುರಾಜನ ಎರಡೂ ಕೈ ಹಿಡಿದು "ಜೀತೆ ರಹೋ ಬೇಟಾ" ಎಂದು ಹರಸಿದಳು. ಅವನು ಕ್ಯಾಮೆರಾದತ್ತ ನಕ್ಕ. ಕಾರು ಹತ್ತಿದ ಕೂಡಲೇ ಮೂಗು ಮುರಿದು, ಒದ್ದೆ ಟಿಶ್ಯೂ ತೆಗೆದು ಬೆರಳು ಬೆರಳು ಒರೆಸಿಕೊಂಡ.

"ಗಾಡಿ ನಿಲ್ಲಿಸ್ರಿ," ಎಂದಳು ವಿಮಲಾಕ್ಷಿ.

"ಯಾಕೆ ಮೇಡಂ, ಇನ್ನೂ ನಾಲ್ಕು ಬೀದಿ ಇದೆಯಲ್ಲ?" ಎಂದ ಮುತ್ತುರಾಜ.

"ನಿಮ್ಮ ಪಕ್ಕ ಕೂತ್ರೆ ನಂಗೂ ಕೈ ಒರೆಸ್ಕೋಬೇಕು ಅನ್ಸುತ್ತೆ."

ಕೊರಳಿನ ಪಕ್ಷದ ಶಾಲನ್ನು ಸೀಟಿನ ಮೇಲೆ ಬಿಟ್ಟು, ಬಸ್ಸು ಹಿಡಿದು ಮನೆಗೆ ಬಂದಳು. ಅಂಥವನ ಹಿಂದೆ ಮುಂದೆ ಜೈಕಾರ ಹಾಕಿಕೊಂಡು ಓಡುವವರನ್ನು ನೆನೆದು ಅವಳಿಗೆ ಹೇಸಿಗೆಯೆನಿಸಿತು. ತಾನೂ ಅದೇ ಗುಂಪಿನಲ್ಲಿ ವರ್ಷಗಟ್ಟಲೆ ಇದ್ದೆನಲ್ಲ ಎಂಬುದು ಇನ್ನೂ ಕಹಿ.

ಮುತ್ತುರಾಜ ಗೆದ್ದ. ವರ್ಷ ತುಂಬುವ ಮೊದಲೇ ರಾಜೀನಾಮೆ ಬಿಸಾಕಿ ಆಳುವ ಪಕ್ಷಕ್ಕೆ ಹಾರಿದ. ಉಪಚುನಾವಣೆ ಬಂತು. ಸರ್ಕಾರವನ್ನೇ ಎದುರು ಹಾಕಿಕೊಂಡು ಹಣ ಸುರಿಯಲು ಯಾವ ಕುಳವೂ ಮುಂದೆ ಬರಲಿಲ್ಲ. ಆಗ ಬೈಲಪ್ಪ ಹಣ್ಣಿನ ಬುಟ್ಟಿ ಹಿಡಿದು ಅವಳ ಗೇಟಿನ ಮುಂದೆ ನಿಂತ.

"ಮೇಡಂ, ಹೈಕಮಾಂಡು ನಿಮ್ಮ ಹೆಸರೇ ಹೇಳಿದೆ. ನಿಷ್ಠಾವಂತರಿಗೆ ಬೆಲೆ ಇದೆ ನೋಡಿ!"

"ಸೋಲೋ ಸೀಟಿಗೆ ನಾನು ನೆನಪಾದ್ನಾ ಬೈಲಪ್ಪನೋರೇ?"

"ಹಂಗಲ್ಲ ಮೇಡಂ..."

ವಿಮಲಾಕ್ಷಿ ಗೇಟು ತೆಗೆಯಲಿಲ್ಲ. ಮನೆಗೆ ಬಂದ ಯಾರನ್ನೂ ನೀರು ಕೊಡದೆ ಕಳಿಸಿದವಳಲ್ಲ, ಅವನನ್ನು ಹಾಗೇ ಕಳಿಸಿದಳು.

ಮುತ್ತುರಾಜನೇ ಮತ್ತೆ ಗೆದ್ದ. ಮತದಾನದ ದಿನ ವಿಮಲಾಕ್ಷಿ ಬೂತಿನ ಕಡೆ ತಲೆಯೂ ಹಾಕಲಿಲ್ಲ. ಇಮಾಮ್ ಬೀಯ ಮೊಮ್ಮಗಳ ಮದುವೆಗೆ ಬಟ್ಟೆ ತರಲು ಇಬ್ಬರೂ ಶಿವಾಜಿನಗರಕ್ಕೆ ಹೋಗಿದ್ದರು.