ಮೂರು ಸಲ ಬಡಿಯುವ ತಾತ

ನಮ್ಮ ಆಫೀಸಿನ ಕಾವಲುಗಾರ ತಾತನಿಗೆ ತೆರೆದ ಬಾಗಿಲು ಕಂಡರಾಗದು. ನನಗೋ ಮುಚ್ಚಿದ ಬಾಗಿಲ ಹಿಂದೆ ತೂಕಡಿಸುವುದೊಂದೇ ಬರುವ ಕೆಲಸ, ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತದೆ. ಸಂಜೆ ಆರಕ್ಕೆ ತಾತ ಪ್ರತಿ ಬಾಗಿಲಿಗೂ ಮೂರು ಸಲ ಬಡಿದು, “ಒಳಗೆ ಯಾರಾದ್ರೂ ಇದ್ದೀರೇನ್ರಪ್ಪಾ?” ಎಂದು ಕೂಗಿ, ಕಿವಿಯಿಟ್ಟು ಕೇಳಿ, ಆಮೇಲೆಯೇ ಬೀಗ ಹಾಕುವುದು. ಶೌಚಾಲಯವನ್ನೂ ಬಿಡುವುದಿಲ್ಲ, ಹಳೆಯ ಫೈಲುಗಳ ಬೀರುವನ್ನೂ ಬಿಡುವುದಿಲ್ಲ. “ಬೀರು ಒಳಗೆ ಮ್ಯಾನೇಜರ್ ಇದ್ದಾರೆ ತಾತ, ಉಸಿರು ಕಟ್ತಿದೆಯಂತೆ” ಎಂದು ಒಮ್ಮೆ ಹಲ್ಲು ಕಿರಿದೆ. ತಾತ ನಗಲಿಲ್ಲ, ಬೀರು ತೆರೆದು ನೋಡಿದ. ಆಮೇಲೆ ಮೆಟ್ಟಿಲ ಮೇಲೆ ಕೂತು ಹೇಳಿದ. ಯುದ್ಧದಲ್ಲಿ ಅವನಿದ್ದದ್ದು ಪುಟ್ಟದೊಂದು ಕಾವಲು ಹಡಗಿನಲ್ಲಂತೆ. ಗುಂಡು ಬಿದ್ದು ಎಂಜಿನ್ ಕೋಣೆಗೆ ನೀರು ನುಗ್ಗಿದಾಗ, “ಮುಚ್ಚೋ, ಹಡಗು ಉಳೀಲಿ!” ಎಂದು ಒಳಗಿದ್ದ ನಾಲ್ವರೂ ಕೂಗಿದರು. ಇಪ್ಪತ್ತು ವರ್ಷದ ತಾತ ಕಬ್ಬಿಣದ ಬಾಗಿಲು ಮುಚ್ಚಿದ. ಉಳಿದ ಮೂವತ್ತು ಜನ ದಡ ಸೇರಿದರು. “ತೆಗಿ ಅಂತ ಅವರು ಒಂದ್ಸಲಾನೂ ಬಾಗಿಲು ಬಡೀಲಿಲ್ಲ ಕಣಪ್ಪಾ” ಎಂದ. ಈಗ ಆರಕ್ಕೆ ನಾನೇ ಕೊನೆಯವನಾಗಿ ಹೊರಬಂದು, “ಎಲ್ಲರೂ ಹೊರಗಿದ್ದೀವಿ ತಾತ” ಎನ್ನುತ್ತೇನೆ. ತಾತ ತಲೆಯಾಡಿಸುತ್ತಾನೆ, ಆದರೂ ಮೂರು ಸಲ ಬಡಿದು, ಬಾಗಿಲಿಗೆ ಕಿವಿಯಿಡುತ್ತಾನೆ.