ಮಟ್ಟೆಯಡಿಯ ಜಾಲರಿ ಅಣಬೆ

೧೯೮೩ರ ಜುಲೈ ೧೦, ಭಾನುವಾರ, ಬೆಳಿಗ್ಗೆ ಆರು ಇಪ್ಪತ್ತು. ನಮ್ಮ ತೆಂಗಿನ ತೋಟದ ಮೂಲೆಯಲ್ಲಿ, ಕಾಯಿ ಸುಲಿದ ಮಟ್ಟೆಯ ರಾಶಿಯ ಮೇಲೆ ಒಂದು ಅಣಬೆ ಮಗುಚಿ ಬಿದ್ದಿತ್ತು. ಅದರ ಟೋಪಿಯ ಕೆಳಗಿನಿಂದ ಬಿಳಿ ಜಾಲರಿಯೊಂದು ಲಂಗದ ಹಾಗೆ ಇಳಿದು ಮುದುಡಿಕೊಂಡಿತ್ತು. ಸತ್ತ ಇಲಿಯ ನಾತ. ಪಕ್ಕದ ಸಂದಿಯಲ್ಲಿ ಕೋಳಿಮೊಟ್ಟೆಯಂಥ ಎರಡು ಬಿಳಿ ಉಂಡೆಗಳು. ಒತ್ತಿದರೆ ಮೆತ್ತಗಿದ್ದವು. ಇನ್ನೂ ಅರಳದ ಅಣಬೆಗಳೆಂದು ಆಗಲೇ ತಿಳಿಯಿತು. ಅರಳುವಾಗ ಹತ್ತಿರದಿಂದ ಫೋಟೋ ತೆಗೆಯಬೇಕೆಂದು ಅಲ್ಲೇ ನಿಂತು ತೀರ್ಮಾನಿಸಿದೆ.

ನಾನಾಗ ತಿಪಟೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಸ್ಟುಡಿಯೋ ಒಂದರಿಂದ ಕೊಂಡ ಹಳೆಯ ಕ್ಯಾಮೆರಾ ಇತ್ತು. ಅದರ ಲೆನ್ಸನ್ನು ಬಿಚ್ಚಿ, ಹಿಂದುಮುಂದಾಗಿ ಇಟ್ಟು, ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದರೆ ಇರುವೆಯ ಮೀಸೆ ಕೂಡ ದೊಡ್ಡದಾಗಿ ಕಾಣುತ್ತಿತ್ತು. ಆ ಮುಂಗಾರಿನಲ್ಲಿ ತುಂಬೆ ಹೂವು, ಸಗಣಿ ಹುಳು, ಜೇಡ ಎಲ್ಲ ಸೇರಿ ರೋಲು ಹೆಚ್ಚುಕಡಿಮೆ ಮುಗಿದಿತ್ತು. ಉಳಿದದ್ದು ಮೂರು ಚಿತ್ರ. ಮೂರು ಸಾಕು ಅನ್ನಿಸಿತ್ತು.

ತೊಂದರೆ ಬೇರೆ ಇತ್ತು. ಸೋಮವಾರ ಆಳುಗಳು ಬಂದು ರಾಶಿಯನ್ನೆಲ್ಲ ಮರಗಳ ಸುತ್ತ ತೋಡಿದ ಗುಂಡಿಗಳಿಗೆ ತುಂಬುವವರಿದ್ದರು. ಮಟ್ಟೆ ಹೂತರೆ ಮಳೆಯ ನೀರು ಬೇಸಿಗೆಯವರೆಗೂ ಬುಡದಲ್ಲಿ ನಿಲ್ಲುತ್ತದೆ. ಎರಡು ದಿನ ತಡೆಯೆಂದು ಅಪ್ಪನನ್ನು ಕೇಳಿದೆ.

"ಲೇ, ನಾಯಿಕೊಡೆಗೋಸ್ಕರ ಆಳುಗಳ್ನ ವಾಪಸ್ ಕಳಿಸ್ಲೇನ್ಲಾ? ಊರೋರು ಏನಂದಾರು?"

ಅಮ್ಮ ಒಳಗಿನಿಂದಲೇ ದಾರಿ ಹೇಳಿದಳು. "ಅಟ್ಟಕ್ಕೆ ಹಾಕ್ಬುಡು. ವರ್ಷಗಟ್ಲೆ ಕಾಯೇ ಕೆಡಲ್ಲ, ನಿನ್ ಮೊಟ್ಟೆ ಕೆಟ್ಟೋಯ್ತದಾ?"

ನಮ್ಮ ಕಡೆಯ ಮನೆಗಳಲ್ಲಿ ಜೋಪಾನ ಅಂದರೆ ಅಟ್ಟ. ಕಾಯಿ ಅಲ್ಲಿಯೇ ಒಣಗಿ ಒಳಗೊಳಗೇ ಕೊಬ್ಬರಿಯಾಗುತ್ತದೆ. ಬಿತ್ತನೆಯ ಅವರೆ, ಅಕ್ಕನ ಮದುವೆಯ ಹಿತ್ತಾಳೆ ಪಾತ್ರೆ, ನನ್ನ ಹಳೆಯ ಪುಸ್ತಕ ಎಲ್ಲವೂ ಅಲ್ಲಿಯೇ. ನನಗೂ ಅದೇ ಸರಿಯೆನಿಸಿತು. ಒಂದು ಉಂಡೆಯನ್ನು ಬುಡದ ಬೇರಿನ ಸಮೇತ ಎತ್ತಿ, ಮೊರದಲ್ಲಿಟ್ಟು, ಕಾಯಿಗಳ ನಡುವೆ ಇರಿಸಿದೆ. ಇನ್ನೊಂದು ಕೀಳಲು ಬರಲಿಲ್ಲ. ರಾಶಿಯ ಜೊತೆ ಅದೂ ಗುಂಡಿಗೆ ಹೋಯಿತು.

ಮಂಗಳವಾರ ಸಂಜೆ ಏಣಿ ಹತ್ತಿ ನೋಡಿದರೆ ಮೊರದಲ್ಲಿದ್ದದ್ದು ಸುಕ್ಕುಗಟ್ಟಿದ ಒಣ ಖರ್ಜೂರ. ಅಟ್ಟ ತನ್ನ ಕೆಲಸ ಮಾಡಿತ್ತು. ಕೆಳಗೆ ಅಮ್ಮ ಅಟ್ಟದ ಕಾಯಿ ಒಣಗಲೆಂದು ಹೊಗೆ ಹಾಕುತ್ತಿದ್ದಳು.

"ಏನಾಯ್ತ್ಲಾ?"

"ಕೊಬ್ಬರಿಯಾಯ್ತು ಕಣಮ್ಮ."

ಅವಳು ನಕ್ಕುಬಿಟ್ಟಳು. ಜಗಲಿಯ ಮೇಲಿದ್ದ ಅಪ್ಪ ಮಾತ್ರ ನಗಲಿಲ್ಲ. "ಆ ಮೂಲೆ ಮಟ್ಟೇನ ಬಾವಿ ಪಕ್ಕದ ಮರಕ್ಕೆ ಹಾಕ್ಸಿದ್ದು. ಬೆಳಿಗ್ಗೆ ನೋಡಾನ," ಅಂದ. ಯಾವ ಮರಕ್ಕೆ ಯಾವ ಗೊಬ್ಬರ ಹೋಯಿತೆಂಬುದು ಅಪ್ಪನಿಗೆ ಯಾವಾಗಲೂ ನೆನಪಿರುತ್ತಿತ್ತು.

ಬುಧವಾರ ಆರೂವರೆಗೆ ಬಾವಿಯ ಹತ್ತಿರ ಹೋದೆವು. ಗುಂಡಿಯ ಮೇಲ್ಪದರದಲ್ಲಿ, ಎರಡು ಒದ್ದೆ ಮಟ್ಟೆಗಳ ಸಂದಿಯಲ್ಲಿ ಉಂಡೆಯ ನೆತ್ತಿ ಸೀಳಿತ್ತು. ಹಸಿರುಗಂದು ಲೋಳೆ ಮೆತ್ತಿದ ಟೋಪಿ ಇಣುಕುತ್ತಿತ್ತು. ನಾನು ನೆಲಕ್ಕೆ ಮಲಗಿ, ರಾಗಿ ತುಂಬಿದ ಪುಟ್ಟ ಚೀಲದ ಮೇಲೆ ಕ್ಯಾಮೆರಾ ಕೂರಿಸಿದೆ. ಗರಿಗಳ ನೆರಳಿನಲ್ಲಿ ಬೆಳಕು ಸಾಲದು. ಅಪ್ಪನ ಹೆಗಲ ಮೇಲೆ ಬಿಳಿ ಟವೆಲ್ ಇತ್ತು. ಅದನ್ನು ಬಿಡಿಸಿ, ಬೆಳಕು ಅಣಬೆಯ ಮೇಲೆ ತಿರುಗಿ ಬೀಳುವಂತೆ ಪಕ್ಕದಲ್ಲಿ ಹಿಡಿಯಲು ಹೇಳಿದೆ.

"ಈ ನಾತಕ್ಕೆ ಮೂಗಿಗೆ ಬೇಡ್ವೇನ್ಲಾ ಟವೆಲ್ಲು?"

"ಬೆಳಕು ಬೇಕು ಕಣಪ್ಪಾ, ಒಂಚೂರು ಹಿಡ್ಕೋ."

"ನನ್ ಮದ್ವೆ ಫೋಟೋಕ್ಕೂ ಇಷ್ಟೊತ್ತು ನಿಂತಿರ್ಲಿಲ್ಲ."

ಕಾಂಡ ಏರುವುದು ಬರಿಗಣ್ಣಿಗೇ ಕಾಣುತ್ತಿತ್ತು. ಏಳೂಕಾಲಿಗೆ ಟೋಪಿಯ ಅಂಚಿನಿಂದ ಜಾಲರಿ ಇಳಿಯತೊಡಗಿತು. ಅರ್ಧಕ್ಕೆ ಬಂದಾಗ ಮೊದಲ ಚಿತ್ರ. ಎಂಟು ಗಂಟೆ ಐದು ನಿಮಿಷಕ್ಕೆ ಅದು ನೆಲ ಮುಟ್ಟಿತು: ಎರಡನೆಯದು. ಮೂರನೆಯದಕ್ಕೆ ನೊಣ ಬರಲೆಂದು ಕಾದೆ. ಅಪ್ಪ ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದರಲ್ಲಿ ಟವೆಲ್ ಬಿಗಿಹಿಡಿದು ಕುಕ್ಕರಗಾಲಿನಲ್ಲಿ ಕೂತೇ ಇದ್ದ. ನೊಣ ಬಂತು. ಉಸಿರು ಬಿಗಿಹಿಡಿದು, ಕ್ಯಾಮೆರಾವನ್ನು ಕೂದಲೆಳೆಯಷ್ಟು ಮುಂದೆ ಸರಿಸಿ ಒತ್ತಿದೆ.

ರೋಲು ತೊಳೆಸಿ ನೋಡಿದಾಗ ಮೊದಲ ಚಿತ್ರ ಅಲುಗಿತ್ತು. ಎರಡನೆಯದು ಚೆನ್ನಾಗಿದೆ. ಮೂರನೆಯದರಲ್ಲಿ ಜಾಲರಿಯ ಒಂದೊಂದು ಕಣ್ಣೂ ಬಿಡಿಬಿಡಿಯಾಗಿ ಎಣಿಸುವಂತಿದೆ, ಒಂದರೊಳಗೆ ನೊಣದ ಕಾಲು. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ, "ನನ್ ಟವೆಲ್ ಎಲ್ಲಿ ಕಾಣ್ತದೆ?" ಅಂದ.

ಇದಾಗಿ ನಾಲ್ಕು ಮಳೆಗಾಲ ಕಳೆದಿವೆ. ಪ್ರತಿ ಜುಲೈನಲ್ಲೂ ಮಟ್ಟೆಗುಂಡಿಗಳನ್ನು ನೋಡುತ್ತೇನೆ. ಆ ಅಣಬೆ ಮತ್ತೆ ಬಂದಿಲ್ಲ. ನಾನು ಬರೆದಿಟ್ಟ ವೇಳೆ ಸರಿಯಾಗಿದೆ, ಆದರೆ ಅದು ಒಂದೇ ಅಣಬೆಯದು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟಗಳಲ್ಲಿ ಇದು ಅರಳುವುದನ್ನು ಕಂಡವರಿದ್ದರೆ ತಾರೀಖು, ಗಂಟೆ, ಹಿಂದಿನ ದಿನ ಮಳೆ ಬಂದಿತ್ತೇ ಎಂಬಿಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಸಂಪಾದಕರ ಮೂಲಕ ನನಗೆ ಕಳಿಸಿ. ಈ ಅಣಬೆಗೆ ನಿಮ್ಮಲ್ಲಿ ಹೆಸರಿದ್ದರೆ ಅದನ್ನೂ ಬರೆಯಿರಿ. ಉಂಡೆ ಸಿಕ್ಕರೆ ದಯವಿಟ್ಟು ಅಟ್ಟಕ್ಕೆ ಹಾಕಬೇಡಿ.