ಉಡಚಮ್ಮನ ಮುನ್ನೂರು ರೊಟ್ಟಿ

ಹರಿಹರದಿಂದ ಬೆಳಿಗ್ಗೆ ಆರೂಮುಕ್ಕಾಲಿಗೆ ದಾವಣಗೆರೆಗೆ ಹೊರಡುವ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಉಡಚಮ್ಮನದು ಎಂಬುದು ಕಂಡಕ್ಟರನಿಗೂ ಗೊತ್ತಿತ್ತು. ಒಂಬತ್ತು ವರ್ಷದಿಂದ ಅವಳು ಅದೇ ಬಸ್ಸು ಹತ್ತುತ್ತಿದ್ದಳು. ಹುಟ್ಟಿದ್ದು ಕೊಕ್ಕನೂರಿನಲ್ಲಿ, ಮದುವೆಯಾಗಿ ಬಂದದ್ದು ಹರಿಹರಕ್ಕೆ. ಗಂಡ ಮಾರಣ್ಣ ಗೂಡ್ಸ್ ಆಟೋ ಓಡಿಸುತ್ತಾನೆ. ಮಗಳ ಮದುವೆ ಮುಗಿದ ವರ್ಷ, ಸುಮ್ಮನೆ ಮನೆಯಲ್ಲಿ ಕೂತರೆ ಕೈಕಾಲು ಜಡ್ಡುಗಟ್ಟುತ್ತವೆ ಎಂದು ಅವಳು ದಾವಣಗೆರೆಯ ವಿನೋಬನಗರದ ರೊಟ್ಟಿ ಕೇಂದ್ರ ಸೇರಿದ್ದಳು.

ಕೇಂದ್ರವೆಂದರೆ ದೊಡ್ಡದೇನಲ್ಲ. ದ್ರಾಕ್ಷಾಯಣಮ್ಮ ಎಂಬ ಹಿರಿಯರು ತಮ್ಮ ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿಸಿ, ಎರಡು ಗ್ಯಾಸ್ ಒಲೆ, ಎರಡು ದೊಡ್ಡ ಕಬ್ಬಿಣದ ಹಂಚು ಇಟ್ಟು, ಆರು ಮಂದಿ ಹೆಂಗಸರನ್ನು ಕೂರಿಸಿಕೊಂಡು ಖಾನಾವಳಿಗಳಿಗೂ ಕಲ್ಯಾಣ ಮಂಟಪಗಳಿಗೂ ಜೋಳದ ರೊಟ್ಟಿ ಕಳಿಸುತ್ತಿದ್ದರು.

ಸೇರಿದ ಹೊಸದರಲ್ಲಿ ಉಡಚಮ್ಮ ಬಡಿದ ರೊಟ್ಟಿಯನ್ನು ನೋಡಿ ಎಲ್ಲರೂ ನಕ್ಕಿದ್ದರು. ಹೊಲಕ್ಕೆ ಬುತ್ತಿ ಕಟ್ಟುವ ದಪ್ಪ ರೊಟ್ಟಿ ಅದು. ನಗದಿದ್ದವಳು ಶಾಂತಕುಮಾರಿ ಒಬ್ಬಳೇ. ಆವರಗೆರೆಯಿಂದ ಬರುತ್ತಿದ್ದ ಅವಳು ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವಳು. ಪಕ್ಕಕ್ಕೆ ಕೂರಿಸಿಕೊಂಡು, "ರೊಟ್ಟಿ ಬಡಿಯೋದ್ರಾಗಿಲ್ಲ ಕಣೆ, ನಾದೋದ್ರಾಗೈತೆ" ಎಂದು ಹೇಳಿಕೊಟ್ಟಳು. ಕುದಿವ ನೀರು ಎಷ್ಟು, ಹಿಟ್ಟಿಗೆ ಜಿಗಿ ಬಂದದ್ದು ಅಂಗೈಗೆ ಹೇಗೆ ಗೊತ್ತಾಗುತ್ತದೆ, ಯಾವಾಗ ಒದ್ದೆ ಬಟ್ಟೆ ಮುಚ್ಚಿಡಬೇಕು, ಎಲ್ಲವನ್ನೂ. ಮೂರು ತಿಂಗಳಲ್ಲಿ ಉಡಚಮ್ಮನ ರೊಟ್ಟಿ ತೆಳ್ಳಗಾಯಿತು. ವರ್ಷ ಕಳೆಯುವಷ್ಟರಲ್ಲಿ ಅವಳ ಕೈ ಬಿದ್ದರೆ ಸಾಕು, ಹಿಟ್ಟಿನ ಉಂಡೆ ತಾನಾಗಿಯೇ ಅಗಲವಾಗುತ್ತದೆ ಎಂದು ಉಳಿದವರು ಮಾತಾಡಿಕೊಳ್ಳುವಂತಾಯಿತು.

ಆಗೆಲ್ಲ ಯಾರು ಎಷ್ಟು ಮಾಡಿದರು ಎಂದು ಯಾರೂ ಎಣಿಸುತ್ತಿರಲಿಲ್ಲ. ಶಾಂತಕುಮಾರಿ ಎಲ್ಲರಿಗೂ ನಾದಿ ಕೊಡುತ್ತಿದ್ದಳು, ನಾಲ್ವರು ಬಡಿಯುತ್ತಿದ್ದರು, ಒಬ್ಬಳು ಹಂಚಿನ ಮುಂದೆ ನಿಲ್ಲುತ್ತಿದ್ದಳು. ಸಂಜೆ ಆರಕ್ಕೆ ಎಲ್ಲ ಒಂದೇ ಬುಟ್ಟಿಗೆ.

ಒಂಬತ್ತನೇ ವರ್ಷ ಹಾಸ್ಟೆಲ್ಲೊಂದು ದಿನಾ ಹೆಚ್ಚಿಗೆ ಮುನ್ನೂರು ರೊಟ್ಟಿ ಕೇಳಿತು. ಒಪ್ಪಿಕೊಂಡದ್ದೂ ಆಯಿತು, ಎರಡು ಸಲ ಕಡಿಮೆ ಬಿದ್ದು ಬೈಸಿಕೊಂಡದ್ದೂ ಆಯಿತು. ದ್ರಾಕ್ಷಾಯಣಮ್ಮನವರಿಗೆ ಮಂಡಿನೋವು. ಹಾಗಾಗಿ ವ್ಯವಹಾರ ನೋಡಿಕೊಳ್ಳಲು ಮಗ ಬಕ್ಕೇಶ್ ಬಂದ. ಅಲ್ಲಿಯವರೆಗೆ ಸೋಪಿನ ಏಜೆನ್ಸಿಯೊಂದರಲ್ಲಿ ಕೆಲಸ ಮಾಡುತ್ತಿದ್ದವನು. ಅಲ್ಲಿ ಯಾವ ಹುಡುಗ ಎಷ್ಟು ಅಂಗಡಿ ತಿರುಗಿದ ಎಂದು ದಿನಾ ಬೋರ್ಡಿನ ಮೇಲೆ ಬರೆಯುತ್ತಿದ್ದರಂತೆ. ಒಂದು ಸೋಮವಾರ ಶೆಡ್ಡಿನ ಗೋಡೆಗೂ ಬಿಳಿ ಬೋರ್ಡು ಬಂತು. ಆರು ಹೆಸರು, ಆರು ಬುಟ್ಟಿ.

"ಯಾರಿಗೂ ಬೈಯಾಕಲ್ರಿ ಇದು" ಎಂದ ಬಕ್ಕೇಶ್. "ಎಷ್ಟಾಗ್ತೈತೆ ಅಂತಾನೇ ಗೊತ್ತಿಲ್ಲಂದ್ರ, ಎಲ್ಲಿ ಕಡಿಮೆ ಬೀಳ್ತೈತೆ ಅಂತ ಹೆಂಗೆ ಗೊತ್ತಾಗ್ಬೇಕು? ಇವತ್ತಿಂದ ನಿಮ್ ನಿಮ್ ಹಿಟ್ಟು ನೀವೇ ನಾದ್ಕಳ್ರಿ, ನಿಮ್ ನಿಮ್ ಬುಟ್ಟಿ ನೀವೇ ತುಂಬ್ರಿ. ವಾರಕ್ಕೊಮ್ಮೆ ಜಾಸ್ತಿ ಮಾಡ್ದೋರಿಗೆ ಬಹುಮಾನ."

ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಶನಿವಾರ ಸಂಜೆ ಬೋರ್ಡಿನ ಮೇಲೆ ಉಡಚಮ್ಮನ ಹೆಸರಿನ ಮುಂದೆ ದಿನಕ್ಕೆ ಮುನ್ನೂರು ಎಂದಿತ್ತು. ಎರಡನೆಯವಳಾದ ಸುಧಾಳದು ನೂರ ಎಂಬತ್ತು. ಎಲ್ಲರಿಗಿಂತ ಕೆಳಗೆ ಶಾಂತಕುಮಾರಿ, ತೊಂಬತ್ತು. ಬಕ್ಕೇಶ್ ಚಪ್ಪಾಳೆ ತಟ್ಟಿಸಿ ಉಡಚಮ್ಮನ ಕೈಗೆ ದೊಡ್ಡ ಸ್ಟೀಲ್ ಡಬ್ಬಿ ಕೊಟ್ಟ. ಮಾರಣ್ಣ ಅದರ ಫೋಟೋ ತೆಗೆದು ನೆಂಟರ ಗ್ರೂಪಿಗೆಲ್ಲ ಹಾಕಿದ. ಸಾರಥಿ ಎಂಬ ಊರಿನಲ್ಲಿದ್ದ ನಾದಿನಿ ಫೋನು ಮಾಡಿ, "ಅತ್ತಿಗೆ, ನೀನೇನು ಮಿಷಿನ್ನಾ?" ಎಂದಳು. ಉಡಚಮ್ಮನಿಗೆ ಹಿಗ್ಗಾಯಿತು. ಸುಳ್ಳು ಯಾಕೆ, ಬಹಳವೇ ಹಿಗ್ಗಾಯಿತು.

ಆ ಹಿಗ್ಗಿನಲ್ಲೊಂದು ಕಲ್ಲು ಸಿಕ್ಕಿದ್ದು ಎರಡನೇ ವಾರ.

ಯಾರ ಹಿಟ್ಟು ಅವರೇ ನಾದಿಕೊಳ್ಳಬೇಕು ಎಂಬುದು ಹೊಸ ನಿಯಮ. ಉಳಿದವರು ನಾದಿಕೊಂಡರು. ಆದರೆ ಉಡಚಮ್ಮನ ಪಕ್ಕದಲ್ಲೇ ಕೂರುತ್ತಿದ್ದ ಶಾಂತಕುಮಾರಿ, ಒಂಬತ್ತು ವರ್ಷದ ರೂಢಿಯಂತೆ, ಬೆಳಿಗ್ಗೆ ಮೊದಲು ಉಡಚಮ್ಮನ ಹಿಟ್ಟು ನಾದಿ, ಉಂಡೆ ಕಟ್ಟಿ, ಅವಳ ಎಡಗಡೆಗೆ ಸರಿಸುತ್ತಿದ್ದಳು. ಆಮೇಲೆ ತನ್ನದು. ಮಧ್ಯಾಹ್ನವೂ ಹಾಗೆಯೇ. ಉಡಚಮ್ಮ ಕೈ ಚಾಚಿದರೆ ಉಂಡೆ ಸಿದ್ಧ. ಅವಳು ಬಡಿಯುತ್ತ ಹೋದರಾಯಿತು. ಮೊದಲ ವಾರ ಇದು ಅವಳ ಗಮನಕ್ಕೇ ಬರಲಿಲ್ಲ. ಎರಡನೇ ವಾರ ಬಂತು. ಬಂದರೂ ಬಾಯಿ ಬಿಡಲಿಲ್ಲ. ಮುನ್ನೂರು ಎಂದು ಬೋರ್ಡಿನ ಮೇಲೆ ಒಮ್ಮೆ ಏರಿದ ಮೇಲೆ ಇಳಿಯುವುದು ಹೇಗೆ?

ಶೆಡ್ಡಿನ ಹವೆಯೇ ಬದಲಾಯಿತು. ಹಂಚಿನ ಮುಂದೆ ನಾನು ಮೊದಲು, ತಾನು ಮೊದಲು ಎಂದು ಜಗಳ. ಸುಧಾ ಒಳ್ಳೆಯ ಹಿಟ್ಟಿನ ಚೀಲವನ್ನು ತನ್ನ ಕಡೆಗೆ ಎಳೆದಿಟ್ಟುಕೊಳ್ಳತೊಡಗಿದಳು. ಅವಸರದಲ್ಲಿ ನಾದಿದ ಹಿಟ್ಟು ಅಂಚಿನಲ್ಲಿ ಬಿರಿಯುತ್ತಿತ್ತು, ಬಿರಿದದ್ದನ್ನೂ ಬುಟ್ಟಿಯ ತಳಕ್ಕೆ ಸೇರಿಸಿ ಎಣಿಸುತ್ತಿದ್ದರು. ಹಾಸ್ಟೆಲ್ಲಿನಿಂದ ಒಂದು ಪೆಟ್ಟಿಗೆ ರೊಟ್ಟಿ ವಾಪಸು ಬಂತು. ಉಡಚಮ್ಮನ ಬಲ ಮಣಿಕಟ್ಟು ಊದಿಕೊಂಡಿತು. ಬಸ್ಸಿನಲ್ಲಿ ಕೂತರೂ ತಲೆಯೊಳಗೆ ಎಣಿಕೆ: ಹನ್ನೊಂದರೊಳಗೆ ನೂರಾಗಬೇಕು, ಊಟದೊಳಗೆ ನೂರೈವತ್ತು. ಮೊದಲೆಲ್ಲ ಆ ಅರ್ಧ ಗಂಟೆ ಅವಳು ಕಣ್ಣು ಮುಚ್ಚಿ ನಿದ್ದೆ ತೆಗೆಯುತ್ತಿದ್ದಳು.

ತಿಂಗಳ ಕೊನೆಗೆ ಬಕ್ಕೇಶ್ ಅವಳನ್ನು ಪಕ್ಕಕ್ಕೆ ಕರೆದ.

"ಶಾಂತಕ್ಕಾರನ್ನ ಮುಂದಿನ ವಾರದಿಂದ ಪ್ಯಾಕಿಂಗಿಗೆ ಹಾಕ್ಬೇಕು ಅಂತ ಮಾಡೀನ್ರಿ. ಅರ್ಧ ದಿನದ ಕೆಲ್ಸ, ಅರ್ಧ ಪಗಾರ. ವಯಸ್ಸಾತು, ಕೈ ಓಡವಲ್ದು. ನಿಮ್ಮ ಪಕ್ಕದಾಗೇ ಕೂಡ್ತಾರ, ನಿಮ್ಮನ್ನ ನೋಡಿನಾದ್ರೂ ಕಲೀಬಾರ್ದಾ?"

ಉಡಚಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದಳು. ಹಿಂತಿರುಗಿ ಬಂದು ಕೂತಾಗ ಎಡಗಡೆಗೆ ಎಂಟು ಉಂಡೆ ಸಾಲಾಗಿ ಇದ್ದವು.

ಅಂದು ಮನೆಗೆ ಹೋದವಳು ಊಟಕ್ಕೆ ಕೂತಾಗ ಮಾರಣ್ಣನಿಗೆ ಎಲ್ಲ ಹೇಳಿದಳು.

"ಆಕೀಗೆ ಗೊತ್ತೈತಾ, ತೆಗೀತಾರ ಅಂತ?" ಎಂದ ಅವನು.

"ಗೊತ್ತಿಲ್ಲ ಅನ್ಸುತ್ತೆ."

"ನಿಂಗೆ ಗೊತ್ತೈತಲ್ಲ."

ಅಷ್ಟೇ ಹೇಳಿ ಅವನು ಕೈ ತೊಳೆಯಲು ಎದ್ದ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಮರುದಿನ ಬೆಳಿಗ್ಗೆ ಶಾಂತಕುಮಾರಿ ರೂಢಿಯಂತೆ ಹಿಟ್ಟಿನ ಪಾತ್ರೆಗೆ ಕೈ ಹಾಕಿದಾಗ ಉಡಚಮ್ಮ ಅದನ್ನು ತನ್ನ ಕಡೆಗೆ ಎಳೆದುಕೊಂಡಳು. "ಬ್ಯಾಡಕ್ಕಾ. ಇವತ್ತು ನಂದು ನಾನೇ ನಾದ್ಕಂತೀನಿ. ನೀನು ನಿಂದು ಮಾಡ್ಕ."

ಶಾಂತಕುಮಾರಿ ಅವಳ ಮುಖವನ್ನೊಮ್ಮೆ ನೋಡಿ ತನ್ನ ಹಿಟ್ಟಿಗೆ ಕೈ ಹಾಕಿದಳು.

ನಾದುವುದೆಂದರೆ ಎಂಥ ಕೆಲಸ ಎಂಬುದು ಉಡಚಮ್ಮನಿಗೆ ಮರೆತೇ ಹೋಗಿತ್ತು. ಭುಜ ಬಿದ್ದುಹೋಯಿತು. ಊದಿದ ಮಣಿಕಟ್ಟು ಒಂದೇ ಸಮನೆ ಚಳಕು ಹೊಡೆಯಿತು. ಜಿಗಿ ಸಾಲದೆ ಎರಡು ಸಲ ಹಿಟ್ಟನ್ನು ಮತ್ತೆ ಕೂಡಿಸಬೇಕಾಯಿತು. ಸಂಜೆ ಬಕ್ಕೇಶ್ ಬುಟ್ಟಿ ಎಣಿಸಿದ. ಉಡಚಮ್ಮನದು ನೂರ ಐವತ್ತೆರಡು. ಶಾಂತಕುಮಾರಿಯದು ನೂರ ನಲವತ್ತು.

ಅವನು ಇನ್ನೊಮ್ಮೆ ಎಣಿಸಿದ. "ಯಾಕ್ರಿ ಉಡಚಮ್ಮ, ಆರಾಮಿಲ್ಲೇನು?"

"ಆರಾಮಿದೀನಣ್ಣ." ಉಡಚಮ್ಮ ಎದ್ದು ನಿಂತಳು. ಎಲ್ಲರೂ ಚೀಲ ಹಿಡಿದು ಹೊರಡಲು ನಿಂತಿದ್ದರು. "ಇದು ನಾನೊಬ್ಳೇ ಮಾಡಿದ್ದು. ಇಷ್ಟು ದಿನ ನೀವು ಬೋರ್ಡಿನ ಮ್ಯಾಲೆ ಬರ್ದಿದ್ದು ನನ್ನೊಬ್ಬಳ ಲೆಕ್ಕ ಅಲ್ರಿ. ನಾದಿ ಕೊಟ್ಟಾಕಿ ಶಾಂತಕ್ಕ. ಆಕೆ ತೊಂಬತ್ತಕ್ಕ ನಿಂತಿದ್ದೂ ಅದಕ್ಕ. ಮೊದ್ಲೇ ಹೇಳ್ಬೇಕಿತ್ತು. ಬಹುಮಾನದ ಆಸೆಗೆ ಹೇಳ್ಲಿಲ್ಲ. ಬಂದ ಬಹುಮಾನ ಎಲ್ಲ ನಾಳೆ ತಂದುಕೊಡ್ತೀನಿ. ಆಕೀನ ಅರ್ಧ ದಿನಕ್ಕ ಹಾಕ್ಬ್ಯಾಡ್ರಿ."

ಬಕ್ಕೇಶನ ಮುಖ ಕೆಂಪಾಯಿತು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ದ್ರಾಕ್ಷಾಯಣಮ್ಮ ಮಗನನ್ನು ನೋಡಿ ಹೇಳಿದರು: "ನಾನು ಮೊದ್ಲು ಶುರು ಮಾಡಿದಾಗ ನಮ್ಮತ್ತೆ ನಾದೋರು, ನಾನು ಬಡಿಯೋಳು. ನೂರು ರೊಟ್ಟಿ ಮಾಡಿದ್ವಿ ಅಂತಿದ್ವಿ. ನಾನು ಮಾಡಿದೆ ಅಂತ ಒಂದಿನಾನೂ ಅಂದಿಲ್ಲಪ್ಪಾ. ನಿಂಗೆ ಹೇಳಿಕೊಡೋದು ಮರ್ತೆ ನಾನು."

ಬಕ್ಕೇಶ್ ಕೆಟ್ಟವನಲ್ಲ. ಎಣಿಸುವುದನ್ನು ಬಿಡುವವನೂ ಅಲ್ಲ. ಬೋರ್ಡಿನ ಮೇಲಿನ ಆರು ಹೆಸರನ್ನು ಅಲ್ಲೇ ಒರೆಸಿದ. ಆಮೇಲೆ ಒಂದು ವಾರ ಮೊಬೈಲು ಹಿಡಿದು ಶೆಡ್ಡಿನ ಮೂಲೆಯಲ್ಲಿ ಕೂತು ಬೇರೆಯೇ ಲೆಕ್ಕ ತೆಗೆದ: ನೀರು ಕುದಿಯಲು ಎಷ್ಟು ಹೊತ್ತು, ನಾದಲು ಎಷ್ಟು, ಬಡಿಯಲು ಎಷ್ಟು, ಬಡಿದ ರೊಟ್ಟಿ ಹಂಚಿಗೆ ಏರುವವರೆಗೆ ಕಾಯುವುದು ಎಷ್ಟು. ಶನಿವಾರ ಅವನೇ ತಲೆ ಕೆರೆದುಕೊಳ್ಳುತ್ತ ಬಂದ.

"ನಿಮ್ಮ ಕೈಯಾಗೇನೂ ತಪ್ಪಿಲ್ರಿ. ಆರು ಮಂದಿ ಬಡೀತೀರಿ, ಹಂಚು ಎರಡೇ. ದಿನಕ್ಕ ಎರಡು ತಾಸು ಹಂಚಿಗೆ ಕಾಯೋದ್ರಾಗೇ ಹೋಗ್ತೈತೆ. ಇದನ್ನ ಯಾರಾದ್ರೂ ಮೊದ್ಲೇ ಹೇಳ್ಬಾರ್ದಾ?"

"ನೀವು ಕೇಳಿದ್ದು ರೊಟ್ಟಿ ಎಷ್ಟು ಅಂತ" ಎಂದಳು ಸುಧಾ. "ಯಾಕ ಕಡಿಮೆ ಅಂತ ಕೇಳ್ಲಿಲ್ಲ."

ಎಲ್ಲರೂ ನಕ್ಕರು. ತಿಂಗಳ ಮೇಲೆ ಆ ಶೆಡ್ಡಿನಲ್ಲಿ ಕೇಳಿದ ಮೊದಲ ನಗು ಅದು. ಬಕ್ಕೇಶನೂ ನಕ್ಕ.

ಮರುವಾರ ಇನ್ನೆರಡು ಒಲೆ, ಎರಡು ಹಂಚು, ನೀರು ಕಾಯಿಸಲು ಒಂದು ದೊಡ್ಡ ಬಾಯ್ಲರ್ ಬಂದವು. ಶಾಂತಕುಮಾರಿ ನಾದಲು ಕೂತಳು. ಕೈಗೆ ಆಸರೆಯಾಗಿ ಹಿಟ್ಟು ತೋಯಿಸಿ ಕೊಡಲು ಸುಧಾಳನ್ನು ಅವಳೇ ಕೇಳಿ ಪಡೆದಳು. ಬೋರ್ಡಿನ ಮೇಲೆ ಹೆಸರಿನ ಬದಲು ಎರಡೇ ಅಂಕಿ ಉಳಿದವು. ಮೇಲೆ ಇಡೀ ಕೇಂದ್ರದ ರೊಟ್ಟಿ, ಕೆಳಗೆ ಕೆಂಪು ಅಕ್ಷರದಲ್ಲಿ ವಾಪಸು ಬಂದದ್ದು. ಹಾಸ್ಟೆಲ್ಲಿನದೂ ಸೇರಿ ದಿನಕ್ಕೆ ಬೇಕಾದ ಸಾವಿರದ ಮುನ್ನೂರು ಆದ ತಕ್ಷಣ, ಗಂಟೆ ಎಷ್ಟೇ ಆಗಿರಲಿ, ಮನೆಗೆ ಹೋಗಬಹುದು. ಅದರ ಮೇಲೆ ಮಾಡಿದ್ದರ ಲಾಭ ಆರು ಜನಕ್ಕೂ ಸಮ.

ಹೊಸ ಏರ್ಪಾಡಿನ ಮೊದಲ ದಿನ ಊಟದ ಬಿಡುವಿನಲ್ಲಿ ಇಬ್ಬರೇ ನಲ್ಲಿಯ ಬಳಿ ಸಿಕ್ಕರು. ಅಷ್ಟು ದಿನ ಉಡಚಮ್ಮ ಶಾಂತಕುಮಾರಿಯ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿರಲಿಲ್ಲ.

"ಅಕ್ಕಾ, ನಿಂಗೆ ಸಿಟ್ಟು ಬರ್ಲಿಲ್ಲೇನು?"

"ಬಂದಿತ್ತು." ಶಾಂತಕುಮಾರಿ ಉಗುರಿನೊಳಗಿನ ಹಿಟ್ಟನ್ನು ತೊಳೆಯುತ್ತಲೇ ಇದ್ದಳು. "ಪ್ಯಾಕಿಂಗಿಗೆ ಹಾಕ್ತಾರ ಅಂತ ದ್ರಾಕ್ಷಾಯಣಮ್ಮಾರೇ ನಂಗೆ ಮೊದ್ಲು ಹೇಳಿದ್ರು. ನೀನೇ ಹೇಳ್ತೀಯೇನೋ ಅಂತ ನೋಡ್ತಿದ್ದೆ. ಹೇಳ್ದಿದ್ರ ಕೆಲ್ಸ ಹೋಗ್ತಿತ್ತು, ಅದು ಬ್ಯಾರೆ. ನಿನ್ನ ಪಕ್ಕ ಕೂಡೋದೂ ಹೋಗ್ತಿತ್ತು."

ಉಡಚಮ್ಮನಿಗೆ ಅಳು ಉಕ್ಕಿ ಬಂತು. ತಿಂಗಳಿಂದ ಎದೆಯ ಮೇಲೆ ಕೂತಿದ್ದ ರುಬ್ಬುಗುಂಡನ್ನು ಯಾರೋ ಎತ್ತಿ ಬದಿಗಿಟ್ಟಂತೆ ಉಸಿರು ಹಗುರಾಯಿತು. ಶಾಂತಕುಮಾರಿ ಒದ್ದೆ ಕೈಯಲ್ಲೇ ಅವಳ ಬೆನ್ನಿಗೊಂದು ಗುದ್ದಿ, "ಅಳೋದು ಆಮೇಲೆ. ಹಿಟ್ಟು ಒಣಗ್ತೈತೆ, ನಡಿ" ಎಂದಳು.

ಅಂದು ಸಾವಿರದ ಮುನ್ನೂರು ತುಂಬಿದಾಗ ಗಂಟೆ ನಾಲ್ಕೂ ಹತ್ತು. ಕೆಂಪು ಅಂಕಿಯ ಜಾಗ ಖಾಲಿ ಇತ್ತು. ಆರು ಹೆಂಗಸರೂ ಒಮ್ಮೆಲೇ ಏನು ಮಾಡಬೇಕೆಂದು ತೋಚದೆ, ನಿಜವಾಗಿ ಹೊರಡಬಹುದೇ ಎಂದು ಬಕ್ಕೇಶನ ಮುಖ ನೋಡಿದರು. "ಹೋಗ್ರಿ ಹೋಗ್ರಿ" ಎಂದು ಅವನೇ ಶೆಡ್ಡಿನ ಬಾಗಿಲು ತೆರೆದು ಹಿಡಿದ.

ಉಡಚಮ್ಮ ಬಸ್ ನಿಲ್ದಾಣದ ಹೊರಗೆ ಬಿಸಿ ಮಿರ್ಚಿ, ಮಂಡಕ್ಕಿ ಕಟ್ಟಿಸಿಕೊಂಡು ಹರಿಹರದ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಏನನ್ನೂ ಎಣಿಸಲಿಲ್ಲ. ಊರು ದಾಟುವ ಮೊದಲೇ ನಿದ್ದೆ ಹತ್ತಿ, ಕಂಡಕ್ಟರು ಬಂದು ಎಬ್ಬಿಸಬೇಕಾಯಿತು.

ಅವಳು ಮನೆ ಮುಟ್ಟಿದಾಗ ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಆಟೋ ತೊಳೆಯುತ್ತಿದ್ದ ಮಾರಣ್ಣ ಗಾಬರಿಯಿಂದ ಬಕೆಟ್ಟು ಕೆಳಗಿಟ್ಟ.

"ಏನೇ ಇದು, ಇಷ್ಟೊತ್ತಿಗೇ ಬಂದೀಯ? ಕೆಲ್ಸದಿಂದ ತೆಗುದ್ರಾ?"

"ಇಲ್ರಿ" ಎಂದಳು ಉಡಚಮ್ಮ, ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಮಂಡಕ್ಕಿಯ ಪೊಟ್ಟಣ ಬಿಚ್ಚುತ್ತ. "ಕೆಲ್ಸ ಮುಗೀತು. ಬಂದೆ. ಮಿರ್ಚಿ ಆರೋಗೋದ್ರೊಳಗೆ ಬರ್ರಿ."